ಸಹಿ ಸಾಹೇಬರದು, ಅಕ್ಷರ ನಮ್ಮವು

ಬನಹಟ್ಟಿಯ ಓಣಿಗಳಲ್ಲಿ ಮೊಬೈಲು ಹಿಡಿದು ಮಾತಾಡುವವರು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿರುತ್ತಾರೆ. ಮಗ್ಗದ ಸಪ್ಪಳ ಅಷ್ಟಿರುತ್ತದೆ. ನನ್ನನ್ನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೊರಟ ಹಿರಿಯರು ಮಾತ್ರ ಕಿವಿ ಮುಚ್ಚಲಿಲ್ಲ. ಫೋನು ಬಂತು, ನಡೆಯುತ್ತಲೇ ಮಾತಾಡಿ ಮುಗಿಸಿ ಜೇಬಿಗಿಟ್ಟರು. "ರೂಢಿ ಆಗೇತ್ರಿ. ದಿಲ್ಲಿಯಿಂದ ಆಫೀಸಿನವ್ರು ಕೇಳತಿದ್ರು, ಹಿಂದ ಏನ್ರೀ ಸಪ್ಪಳ, ಜೋರ್ ಮಳಿ ಹತ್ತೇತೇನು ಅಂತ. ಹೌದ್ರಿ ಅಂತಿದ್ದೆ. ಮಗ್ಗ ಅಂದ್ರ ಮತ್ತ ಐದು ಮಿನಿಟ್ ತಿಳಿಸಿ ಹೇಳಬೇಕಲ್ಲ!"

ಇವರು ಸಂಸದರೊಬ್ಬರ ಆಪ್ತ ಸಹಾಯಕರಾಗಿದ್ದವರು. ಊರವರ ಬಾಯಲ್ಲಿ ಪಿಎ. ಹೆಸರು, ಪಕ್ಷ, ಯಾವ ಸಾಹೇಬರು ಎಂಬ ಮೂರನ್ನೂ ಬರೆಯಬಾರದೆಂಬ ಕರಾರಿನ ಮೇಲೆ ಜೊತೆಗೆ ಬಂದಿದ್ದರು. "ಪಿಎಗೆ ಹೆಸರ ಇರಂಗಿಲ್ರಿ. ಇದ್ರ ಅಂವ ಪಿಎ ಆಗಿ ಉಳಿಯಂಗಿಲ್ಲ." ನಾನು ಬನಹಟ್ಟಿ ನೋಡಬೇಕೆಂದಿದ್ದೆ. ಅವರು ಅರ್ಜಿಗಳ ಲೆಕ್ಕದಲ್ಲಿ ಊರು ತೋರಿಸಿದರು. ಈ ತಿರುವಿನಲ್ಲಿ ಒಂದು ಬೋರ್‌ವೆಲ್, ಆ ಮೂಲೆಯಲ್ಲಿ ಒಂದು ಹೃದಯದ ಆಪರೇಷನ್, ಮುಂದಿನ ಸಾಲಿನಲ್ಲಿ ಪಾಸಾಗದೆ ಉಳಿದ ಮೂರು ಸಾಲದ ಫೈಲು. ಯಾವ ಬಾಗಿಲು ಯಾವ ಕಾಗದದ್ದು ಎನ್ನುವುದು ಅವರಿಗೆ ಇನ್ನೂ ಬಾಯಿಪಾಠ.

ರಬಕವಿ ಮತ್ತು ಬನಹಟ್ಟಿ ಅವಳಿ ಊರು, ನಗರಸಭೆ ಒಂದೇ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ಒಳಗಿನವರು ಬಿಟ್ಟುಕೊಡುವುದಿಲ್ಲ. ವಿಧಾನಸಭೆಗೆ ತೇರದಾಳ ಕ್ಷೇತ್ರ, ಲೋಕಸಭೆಗೆ ಬಾಗಲಕೋಟೆ. ಆ ಬಾಗಲಕೋಟೆಯೊಳಗೆ ಮುಧೋಳ, ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ, ಸಾಲದ್ದಕ್ಕೆ ಗದಗ ಜಿಲ್ಲೆಯ ನರಗುಂದವೂ ಸೇರಿ ಎಂಟು ವಿಧಾನಸಭಾ ಕ್ಷೇತ್ರ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಮೂರು ಹೊಳೆಯ ನಾಡು. 2004ರಿಂದ ಪಿ.ಸಿ. ಗದ್ದಿಗೌಡರ ಅವರು ಸತತ ಐದು ಸಲ ಇಲ್ಲಿಂದ ಗೆದ್ದಿದ್ದಾರೆ. ಇಷ್ಟು ಅಗಲದ ಕ್ಷೇತ್ರದಲ್ಲಿ ಒಬ್ಬ ಎಂಪಿ ಎಲ್ಲ ಕಡೆ ಇರಲಾರರು. ಅವರಿಲ್ಲದ ಕಡೆ ಇರುವುದೇ ಪಿಎ ಕೆಲಸ.

ಮಂಗಳವಾರ ಪೇಟೆಯ ಒಂದು ಮನೆಯೊಳಗೆ ಕರೆದೊಯ್ದರು. ಮುಂದಿನ ಪಡಸಾಲೆಯಲ್ಲಿ ಕೈಮಗ್ಗ, ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್. ಕೈಮಗ್ಗ ಅಣ್ಣನದು, ಪಾವರ್‌ಲೂಮ್ ತಮ್ಮನದು. ಅಣ್ಣ ಎಡಗೈಯಿಂದ ಹರಿದ ಎಳೆ ಹುಡುಕಿ, ತೋರುಬೆರಳು ಹೆಬ್ಬೆರಳಿನ ನಡುವೆ ಒಮ್ಮೆ ಹೊಸೆದು, ನಾನು ನೋಡುವಷ್ಟರಲ್ಲಿ ಗಂಟು ಹಾಕಿ ಮುಗಿಸಿದ್ದರು. ಲಾಳಿ ಮತ್ತೆ ಓಡಿತು. ಗಂಟು ಎಲ್ಲಿದೆ ಎಂದು ಕೇಳಿದೆ. ಬಟ್ಟೆಯ ಮೇಲೆ ಬೆರಳಾಡಿಸಿ ತೋರಿಸಿದರು. ಬೆರಳಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ.

"ಈ ಮನಿಯಿಂದ ಎರಡು ಅರ್ಜಿ ಬಂದಿದ್ವು, ಒಂದ ವಾರದಾಗ" ಎಂದರು ಪಿಎ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಪ್ರಕಾರ ಸೀರೆ, ಧೋತರ, ಟವೆಲು, ಕಂಬಳಿ ಮುಂತಾದ 11 ಬಗೆಯ ಬಟ್ಟೆಗಳ ನಿಗದಿತ ನಮೂನೆಗಳನ್ನು ಕೈಮಗ್ಗದಲ್ಲೇ ನೇಯಬೇಕು. ಮೊದಲು ಪಟ್ಟಿಯಲ್ಲಿ 22 ಇದ್ದವು. ಕಾಯ್ದೆಯನ್ನು 1993ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಣ್ಣನ ಅರ್ಜಿ: ಕಾಯ್ದೆ ಕಟ್ಟುನಿಟ್ಟಾಗಿ ಜಾರಿ ಮಾಡಿಸಿರಿ. ತಮ್ಮನ ಅರ್ಜಿ: ಕಾಯ್ದೆ ಸಡಿಲ ಮಾಡಿಸಿರಿ, ಬದುಕು ನಡೆಯುವುದಿಲ್ಲ. ಇಬ್ಬರೂ ಕೊನೆಗೆ ಬರೆದದ್ದು ಒಂದೇ ಮಾತು, "ತಾವೇ ನಮಗೆ ತಾಯಿ ತಂದೆ."

ಎರಡನ್ನೂ ಕಳಿಸಿದಿರಾ?

"ಎರಡೂ ಕಳಿಸಿದೆ. ಜವಳಿ ಮಂತ್ರಿಗೇನೇ. ನಡುವ ಹತ್ತು ದಿನ ಬಿಟ್ಟೆ, ಅಷ್ಟ ನನ್ನ ಶ್ಯಾಣ್ಯಾತನ."

ಅಣ್ಣ ಮಗ್ಗ ನಿಲ್ಲಿಸದೆಯೇ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಪತ್ರಕ್ಕೂ ಒಂದೇ ಸಹಿ ಬಿದ್ದಿರುತ್ತದೆ, ದಿಲ್ಲಿಯ ಫೈಲಿನಲ್ಲಿ ಎರಡೂ ಮೇಲೆ ಕೆಳಗೆ ಕೂತಿರುತ್ತವೆ. ಹೊರಗೆ ಬಂದು ಪಿಎಗೆ ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದು, "ಖರೇರಿ. ಆದ್ರ ಯಾರಿಗೆ ಇಲ್ಲ ಅನ್ನೂದು? ಇಬ್ಬರೂ ಓಟ ಹಾಕ್ಯಾರ" ಎಂದರು.

ಕಾಡಸಿದ್ಧೇಶ್ವರ ಗುಡಿಯ ಎದುರು ಚಹಾ ಕುಡಿಯುತ್ತ ದುಡ್ಡಿನ ಮಾತು ಬಂತು. ಪಿಎ ಎಂದರೆ ಸರ್ಕಾರಿ ನೌಕರನೆಂದು ಊರು ತಿಳಿದಿರುತ್ತದೆ. ಹಾಗಲ್ಲ. ಸಂಸದರ ಸಂಬಳ ಭತ್ಯೆಗಳ 1954ರ ಕಾಯ್ದೆಯಡಿ ಅವರಿಗೆ ಕಚೇರಿ ವೆಚ್ಚವೆಂದು ತಿಂಗಳಿಗೆ ಒಂದು ಮೊತ್ತ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಂತೆ ಅದು 75,000 ರೂಪಾಯಿ. ಅದರಲ್ಲಿ 25,000 ಕಾಗದ, ಅಂಚೆಗೆ. ಉಳಿದ 50,000 ಸಹಾಯಕರಿಗೆ. ಅದಕ್ಕೂ ಮೊದಲು ಈ ಪಾಲು 40,000 ಇತ್ತು. ಕ್ಷೇತ್ರದಲ್ಲೊಬ್ಬ, ದಿಲ್ಲಿಯಲ್ಲೊಬ್ಬ, ಗಾಡಿಯಲ್ಲೊಬ್ಬ ಎಂದು ಮೂರು ಜನ ಬೇಕಾದರೆ ಅದನ್ನೇ ಹಂಚಿಕೊಳ್ಳಬೇಕು. ಪಿಂಚಣಿ ಇಲ್ಲ, ಬಡ್ತಿ ಇಲ್ಲ. "ಸಾಹೇಬ್ರು ಸೋತ್ರ ಅವ್ರಿಗೆ ಮಾಜಿ ಅಂತರ ಬರತೈತಿ. ನಮಗ ಅದೂ ಇಲ್ಲ."

ಈಚೆಗೆ ದಿಲ್ಲಿಯಲ್ಲಿ ಬೇರೊಂದು ಬಗೆಯ ಸಹಾಯಕರೂ ಇದ್ದಾರೆ. ಪಿಆರ್‌ಎಸ್ ಎಂಬ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್‌ನಲ್ಲಿ ದೊಡ್ಡ ಕಾಲೇಜಿನ ಪದವೀಧರರು ಒಂದೊಂದು ವರ್ಷ ಸಂಸದರ ಜೊತೆ ಕೆಲಸ ಮಾಡುತ್ತಾರೆ. ಮಸೂದೆ ಓದುತ್ತಾರೆ, ಭಾಷಣಕ್ಕೆ ಅಂಕಿ ಅಂಶ ಹುಡುಕುತ್ತಾರೆ. ಅವರ ಬಗ್ಗೆ ಇವರಿಗೆ ಅಸೂಯೆಯಿಲ್ಲ, ಮೆಚ್ಚುಗೆಯೇ ಇದೆ. "ಛಲೋ ಹುಡುಗ್ರು. ಕಂಡಿಕಿ ಅಂದ್ರ ಏನು ಅಂತ ಕೇಳಿ ಬರಕೊಂಡ್ರು." ಕಂಡಿಕಿ ಎಂದರೆ ಲಾಳಿಯೊಳಗಿನ ನೂಲಿನ ಉರುಳೆ.

ಗುಡಿಯ ಎದುರು ಕೂತಿದ್ದರಿಂದ ಎಂಪಿ ಫಂಡಿನ ವಿಷಯ ಬಂದೇ ಬಂತು. 1993ರ ಡಿಸೆಂಬರ್‌ನಲ್ಲಿ ಶುರುವಾದ ಯೋಜನೆ. ಆಗ ವರ್ಷಕ್ಕೆ 5 ಲಕ್ಷ, 2011-12ರಿಂದ 5 ಕೋಟಿ. ಎಂಟು ಕ್ಷೇತ್ರಕ್ಕೆ ಸಮ ಹಂಚಿದರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ. ಅದರಲ್ಲೂ ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದವರ ವಸತಿಗಳಿಗೆ. ಈ ದುಡ್ಡು ಸಂಸದರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಗುಡಿ, ಮಸೀದಿಗಳ ಕೆಲಸಕ್ಕೆ ಈ ದುಡ್ಡು ನಡೆಯುವುದಿಲ್ಲ. ಹಾಗಾಗಿ ಜಾತ್ರೆಯ ಹೊತ್ತಿಗೆ ಬರುವ ಅರ್ಧ ಅರ್ಜಿಗಳು ಬಾಗಿಲಲ್ಲೇ ಬೀಳುತ್ತವೆ. ಮೈಯೆಲ್ಲ ಭಂಡಾರ ಬಳಿದುಕೊಂಡು ಬಂದ ಹಿರಿಯರಿಗೆ ಆ ನಿಯಮ ಓದಿ ಹೇಳುವುದನ್ನು ಯಾವ ಫೆಲೋಶಿಪ್ಪೂ ಕಲಿಸಲಾರದು.

ಪಿಎ ಕಚೇರಿಯಾಗಿದ್ದ ಖೋಲಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಹೊರಗಿನ ಕಟ್ಟೆ ಹಾಗೇ ಇದೆ, ಕೂತವರ ಬೆನ್ನು ತಾಗಿ ತಾಗಿ ಗೋಡೆಯ ಸುಣ್ಣ ಸಾಲಾಗಿ ಸವೆದಿದೆ. ಇಲ್ಲಿ ಬೆಳಗಿನ ಏಳಕ್ಕೆ ಜನ ಕೂಡುತ್ತಿದ್ದರಂತೆ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ, "ಸಾಹೇಬ್ರದೊಂದು ಲೆಟರ್ ಕೊಡ್ರಿ." ಸಿಂಹದ ಮುದ್ರೆಯ ಆ ಹಾಳೆ ಎಲ್ಲ ಬೀಗಕ್ಕೂ ಕೀಲಿ ಎಂಬ ನಂಬಿಕೆ. ಮೊದಲ ಕೆಲಸವೇ ಬೇರ್ಪಡಿಸುವುದು. ರೇಷನ್ ಕಾರ್ಡು, ಪಹಣಿ, ಚರಂಡಿ, ಬಸ್ಸು ರಾಜ್ಯದ್ದು ಇಲ್ಲವೇ ನಗರಸಭೆಯದು. ರೈಲು, ಪಾಸ್‌ಪೋರ್ಟು, ಅಂಚೆ, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಕಬ್ಬು ನಡುವೆ ಸಿಕ್ಕಿಕೊಂಡಿದೆ: ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಗೊತ್ತುಮಾಡುವುದು ಕೇಂದ್ರ, 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಬಾಕಿ ವಸೂಲಿಗೆ ಓಡಾಡಬೇಕಾದ್ದು ಜಿಲ್ಲಾಧಿಕಾರಿ ಕಚೇರಿಗೆ. ನೇಕಾರಿಕೆಯೂ ಹಾಗೆಯೇ. ನೂಲಿನ ಸಬ್ಸಿಡಿ ಕೇಂದ್ರದ ಕಡೆ, ನೇಕಾರ ಸಮ್ಮಾನ ರಾಜ್ಯದ ಕಡೆ. ಮಗ್ಗಕ್ಕೆ ಇದ್ಯಾವುದೂ ಗೊತ್ತಿಲ್ಲ.

ಒಂದು ಅರ್ಜಿಯ ಕಥೆಯನ್ನು ಅವರು ಆ ಕಟ್ಟೆಯ ಮೇಲೆಯೇ ಕೂತು ಹೇಳಿದರು. ಮಗನ ಹೃದಯದ ಆಪರೇಷನ್ನಿಗೆಂದು ಒಬ್ಬಾಕೆ ಬಂದಿದ್ದರು. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಸಂಸದರು ಶಿಫಾರಸು ಪತ್ರ ಕೊಡಬಹುದು. 1948ರಲ್ಲಿ ಶುರುವಾದ ನಿಧಿ ಅದು. ಆಸ್ಪತ್ರೆ ಆ ನಿಧಿಯ ಪಟ್ಟಿಯಲ್ಲಿರಬೇಕು, ಖರ್ಚಿನ ಅಂದಾಜು ಮೂಲ ಪ್ರತಿಯೇ ಆಗಬೇಕು, ಆದಾಯ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ಮುಖ್ಯ, ಖರ್ಚು ಮಾಡಿ ಆಮೇಲೆ ಬಿಲ್ಲು ತಂದರೆ ಬರುವುದಿಲ್ಲ. ಆಕೆ ತಂದಿದ್ದು ಜೆರಾಕ್ಸ್. "ಯವ್ವಾ, ಇದ ಅಸಲ ಎಲ್ಲೈತಿ ಅಂದೆ. ಯಪ್ಪಾ, ಅಸಲು ಹರೀತಾವಂತ ಪೆಟ್ಟಿಗ್ಯಾಗ ಇಟ್ಟೇನಿ ಅಂದ್ಳು. ಆಕಿ ಊರು ಹೊಳಿ ಆಚಿಕಡೆ. ಹೋಗಿ ತರೂದ್ರಾಗ ದಿನ ಹೋಗತೈತಿ." ಇವರೇ ಮೋಟಾರ್‌ಸೈಕಲ್ ಮೇಲೆ ಹೋಗಿ ಪೆಟ್ಟಿಗೆ ತೆಗೆಸಿ ತಂದರು. ಸೀರೆಯ ಮಡಿಕೆಗಳ ನಡುವೆ ಇಟ್ಟಿದ್ದ ಹಾಳೆಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ಹಣ ಬಂತೇ? ಬಂತು, ಕೇಳಿದ್ದರ ಒಂದು ಪಾಲು. ಹುಡುಗ ಈಗ ಯಾವುದೋ ಫೈನಾನ್ಸಿನಲ್ಲಿ ಕೆಲಸಕ್ಕಿದ್ದಾನೆ, ಕಂಡರೆ ನಮಸ್ಕಾರ ಮಾಡುತ್ತಾನೆ. ಸಾಹೇಬರಿಗೆ ಅವನ ಗುರುತಿಲ್ಲ.

ಸಾಮಾನ್ಯರ ಅರ್ಜಿ ನಾಲ್ಕು ಪುಟ ಇರುತ್ತದೆ. ಅಜ್ಜನ ಕಾಲದಿಂದ ಶುರುವಾಗಿ, ಪಾಲಾದದ್ದು, ಮಳೆ ಹೋದದ್ದು, ಮಗಳ ಮದುವೆ, ಎಲ್ಲ ಮುಗಿದು ಕೊನೆಯ ಸಾಲಿನಲ್ಲಿ ಬೇಕಾದ ವಿಷಯ. ಅದನ್ನು ಇಂಗ್ಲಿಷಿನ ಅರ್ಧ ಪುಟಕ್ಕೆ ಇಳಿಸುವುದೇ ಪಿಎಯ ನಿಜವಾದ ಕಸಬು ಎಂದು ನನಗನ್ನಿಸಿತು. ಮಂತ್ರಿಗೆ ಹೋಗುವ ಡಿ.ಓ., ಅಂದರೆ ಅರೆಸರ್ಕಾರಿ, ಪತ್ರಕ್ಕೆ 15 ದಿನದಲ್ಲಿ ಸ್ವೀಕೃತಿ, ಮತ್ತೆ 15 ದಿನದಲ್ಲಿ ಉತ್ತರ ಬರಬೇಕೆಂಬುದು ಸರ್ಕಾರದ್ದೇ ನಿಯಮ. ಸ್ವೀಕೃತಿ ಬರುತ್ತದೆ. ಅದನ್ನೇ ಉತ್ತರವೆಂದು ಜನ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಳ್ಳುತ್ತಾರೆ.

ಸದನದ ಪ್ರಶ್ನೆಯದು ಇನ್ನೂ ಇಕ್ಕಟ್ಟು. 150 ಪದ ಮೀರುವಂತಿಲ್ಲ, ಕನಿಷ್ಠ 15 ದಿನ ಮುಂಚೆ ಕೊಡಬೇಕು, ಆಮೇಲೆ ಚೀಟಿ ಎತ್ತುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಬನಹಟ್ಟಿಯ ನೂಲಿನ ದರ 150 ಪದದಲ್ಲಿ ಕೂತು, ಚೀಟಿಯಲ್ಲಿ ಗೆದ್ದು, ಉತ್ತರವಾಗಿ ಬಂದರೆ ಅದರಲ್ಲಿ ಬನಹಟ್ಟಿಯ ಹೆಸರೇ ಇರುವುದಿಲ್ಲ. ರಾಜ್ಯವಾರು ಪಟ್ಟಿಯಲ್ಲಿ ಕರ್ನಾಟಕ ಎಂಬ ಒಂದು ಸಾಲು ಇರುತ್ತದೆ. ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಪತ್ರಗಳು ಮಾತ್ರ ಇಂಗ್ಲಿಷನ್ನೋ ಹಿಂದಿಯನ್ನೋ ಉಟ್ಟುಕೊಂಡೇ ಊರು ಬಿಡುತ್ತವೆ.

ರಬಕವಿ ರಸ್ತೆಯಲ್ಲಿ ನಡೆಯುವಾಗ ನಾನೇ ರೈಲಿನ ಮಾತೆತ್ತಿದೆ. ಬಾಗಲಕೋಟೆ-ಕುಡಚಿ ಮಾರ್ಗ, 142 ಕಿ.ಮೀ., 2010-11ರಲ್ಲಿ ಮಂಜೂರಾದದ್ದು. ಅವರ ಅಲ್ಮಾರಿಯಲ್ಲಿ ಎಲ್ಲಕ್ಕಿಂತ ದಪ್ಪ ಫೈಲು ಅದೇ ಇತ್ತಂತೆ. ಸಂಘಟನೆಗಳ ಮನವಿ, ಭೂಸ್ವಾಧೀನದ ನೆನಪೋಲೆ, ಮತ್ತೆ ಮನವಿ. ಇದಕ್ಕಿಂತ ಚೋದ್ಯದ್ದು ಇನ್ನೊಂದು. ರೈಲೇ ಇಲ್ಲದ ಊರಿನಲ್ಲಿ ಕೂತು ಅವರು ದಿನಾ ಬರೆಯುತ್ತಿದ್ದುದು ರೈಲಿನ ಪತ್ರಗಳನ್ನು. ಮುಂಬೈಗೋ ಬೆಂಗಳೂರಿಗೋ ವೇಟಿಂಗ್ ಲಿಸ್ಟಿನಲ್ಲಿದ್ದವರಿಗೆ ತುರ್ತು ಕೋಟಾದ ಪತ್ರ. ಕುಡಚಿಗೋ ಮೀರಜಿಗೋ ಹೋಗಿ ಹತ್ತಬೇಕಾದವರು ಚಾರ್ಟ್ ಆಗುವವರೆಗೂ ಫೋನು ಬಿಡುತ್ತಿರಲಿಲ್ಲ. ಕೇಂದ್ರೀಯ ವಿದ್ಯಾಲಯದ ಕಾಟ ಮಾತ್ರ ತಪ್ಪಿತು. ವರ್ಷಕ್ಕೆ ಹತ್ತು ಸೀಟಿನ ಸಂಸದರ ಕೋಟಾ 2022ರಲ್ಲಿ ರದ್ದಾಯಿತು. "ಹತ್ತು ಮಂದಿಗೆ ಕೊಟ್ಟು ಇನ್ನೂರು ಮಂದಿ ವೈರ ಕಟ್ಟಿಕೊಳ್ಳೂದು ನಿಂತ್ರಿ. ಅವತ್ತ ನಾ ಪೇಢೆ ಹಂಚಿನಿ."

ಜಮಖಂಡಿ ಕಡೆಗೆ ಕೈ ತೋರಿಸಿ ಅವರು ಸಿದ್ದು ನ್ಯಾಮಗೌಡರ ನೆನಪು ತೆಗೆದರು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ಬ್ಯಾರೇಜು ಕಟ್ಟಿದ್ದು 1989ರಲ್ಲಿ. ಶ್ರಮಬಿಂದು ಸಾಗರವೆಂದು ಅದರ ಹೆಸರು. ಕೃಷ್ಣಾ ತೀರ ರೈತ ಸಂಘದ ಆ ಮುಂದಾಳು 1991ರಲ್ಲಿ ಇದೇ ಬಾಗಲಕೋಟೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದಿಲ್ಲಿಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಜನ ಅವರನ್ನು ಕರೆದದ್ದು ಬ್ಯಾರೇಜ್ ಸಿದ್ದು ಎಂದೇ. ಅರ್ಜಿಗೆ ಕಾಯದೆ ಹೊಳೆಗೆ ಕಟ್ಟೆ ಹಾಕಿದ ನೆಲದಲ್ಲಿ, ಬೆಳಗಾದರೆ ಕಟ್ಟೆಯ ಮೇಲೆ ಕೂತು ಲೆಟರಿಗೆ ಕಾಯುವವರೂ ಇದ್ದರು. ಇವರಿಗೆ ಅದು ವಿಚಿತ್ರವೆನಿಸಿದ್ದಿಲ್ಲವೇ ಎಂದು ಕೇಳಿದೆ.

"ಎಲ್ಲಾರಿಗೂ ಬ್ಯಾರೇಜ್ ಕಟ್ಟಾಕ ಆಕ್ಕೈತೇನ್ರಿ?" ಎಂದರು, ತುಸು ಬಿರುಸಾಗಿ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹಠಾತ್ತನೆ ಏನೋ ತಪ್ಪಿದಂತಾಯಿತು. ಕರೆಂಟು ಹೋಗಿತ್ತು. ಓಣಿಯ ಪಾವರ್‌ಲೂಮುಗಳೆಲ್ಲ ಒಟ್ಟಿಗೆ ನಿಂತು, ದೂರದ ಯಾವುದೋ ಪಡಸಾಲೆಯಿಂದ ಒಂದೇ ಕೈಮಗ್ಗ ಟಕ್, ಟಕ್ ಎನ್ನುವುದು ಕೇಳಿಸಿತು. ಇವರ ಜೇಬಿನಲ್ಲಿ ಫೋನು ಬಡಕೊಂಡಿತು. ಕೆಲಸ ಬಿಟ್ಟು ವರ್ಷಗಳಾದರೂ ನಂಬರು ಅದೇ ಇದೆ.

"ಇಲ್ರಿ ಕಾಕಾ, ಕರೆಂಟು ರಾಜ್ಯದ್ದು... ಹೌದ್ರಿ, ಎಂಎಲ್‌ಎ ಆಫೀಸಿಗೆ ಹಚ್ಚ್ರಿ... ನಂಬರಾ? ತಡೀರಿ, ಹೇಳತೇನಿ, ಬರಕೋರಿ."