ಸಾಲ್ಮನ್ ಪಫ್ ಮನೆಯಲ್ಲೇ ಮಾಡಿ: ರಾವಸ್ ಮೀನೂ ಸಾಕು, ಉಳಿದರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಉಳಿದ ಬ್ರೆಡ್ಡೇ ಊರಿನ ಹೆಸರಾಂತ ತಿಂಡಿಯಾಯಿತು ಎಂಬ ಕಥೆ ಗುಜರಾತ್‌ನ ಸೂರತ್‌ನಲ್ಲಿ ಪ್ರಚಲಿತ. ಡಚ್ಚರು ಊರು ಬಿಟ್ಟ ಮೇಲೆ ಅವರ ಬೇಕರಿ ಪಾರ್ಸಿ ಡೋಟಿವಾಲಾ ಮನೆತನದ ಕೈಗೆ ಬಂತು. ಕೊಳ್ಳುವವರಿಲ್ಲದೆ ಉಳಿದ ಬ್ರೆಡ್ ಒಣಗಿ ಗರಿಗರಿಯಾಯಿತು, ಜನ ಅದನ್ನೇ ಕೇಳಿ ಕೊಳ್ಳತೊಡಗಿದರು. ಅದೇ ಇಂದಿನ ಸೂರ್ತಿ ಬಟಾಸಾ ಬಿಸ್ಕತ್ತು ಎನ್ನುತ್ತಾರೆ. ಆದರೆ ಬ್ರೆಡ್ಡಿನ ಈ ಲೆಕ್ಕ ಮೀನಿಗೆ ನಡೆಯದು. ಹಾಗಾಗಿ ಮೀನಿನ ಪಫ್ ಮಾಡುವವರು ಒಲೆ ಹಚ್ಚುವ ಮೊದಲೇ ಉಳಿಕೆಯ ಬಗ್ಗೆ ಯೋಚಿಸಬೇಕು.

ಸಾಲ್ಮನ್ ಬದಲು ರಾವಸ್

ಸಾಲ್ಮನ್ ಪೇಸ್ಟ್ರಿ ಎಂದರೆ ಕ್ರೀಮ್ ಕೇಕ್ ಅಲ್ಲ. ಬೇಕರಿ ಪಫ್‌ನಂತಹ ಪದರದ ಹಿಟ್ಟಿನಲ್ಲಿ ಮೀನು ಸುತ್ತಿ ಬೇಯಿಸುವ ತಿನಿಸು. ಸಾಲ್ಮನ್ ತಣ್ಣೀರಿನ ಮೀನು, ನಮ್ಮಲ್ಲಿಗೆ ಆಮದಾಗಿ ಬರುವುದರಿಂದ ದುಬಾರಿ. ಅರಬ್ಬಿ ಸಮುದ್ರದಲ್ಲಿ ಸಿಗುವ ರಾವಸ್ ಮೀನನ್ನು 'ಇಂಡಿಯನ್ ಸಾಲ್ಮನ್' ಎಂದು ಕರೆಯುತ್ತಾರಾದರೂ ಅದು ಬೇರೆಯೇ ಜಾತಿ. ಮಾಂಸ ಗಟ್ಟಿ, ರುಚಿ ಹದ. ಪಫ್‌ಗೆ ಚೆನ್ನಾಗಿ ಹೊಂದುತ್ತದೆ.

ನಾಲ್ವರಿಗೆ ಬೇಕಾಗುವ ಸಾಮಗ್ರಿ

* ಮುಳ್ಳು ತೆಗೆದ ರಾವಸ್ ಅಥವಾ ಸಾಲ್ಮನ್: 400 ಗ್ರಾಂ
* ಫ್ರೋಜನ್ ಪಫ್ ಶೀಟ್: 400 ಗ್ರಾಂ
* ಬೇಯಿಸಿದ ಆಲೂಗಡ್ಡೆ: 2
* ಈರುಳ್ಳಿ: 1
* ಶುಂಠಿ-ಬೆಳ್ಳುಳ್ಳಿ ಪೇಸ್ಟ್: 1 ಚಮಚ
* ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು, ನಿಂಬೆರಸ, ಉಪ್ಪು
* ಪುಡಿ ಮಾಡಿದ ಬಟಾಸಾ ಅಥವಾ ರಸ್ಕ್: 3 ಚಮಚ
* ಮೇಲೆ ಸವರಲು ಮೊಟ್ಟೆ ಅಥವಾ ಹಾಲು

ಮಾಡುವ ವಿಧಾನ

ಮೀನನ್ನು ಹಬೆಯಲ್ಲಿ ಬೇಯಿಸಿ ಬಿಡಿಸಿ. ಮಕ್ಕಳು ತಿನ್ನುವುದಾದರೆ ಬೆರಳಿನಿಂದ ಒತ್ತಿ ಮುಳ್ಳು ಉಳಿದಿದೆಯೇ ನೋಡಿ. ಈರುಳ್ಳಿ, ಮಸಾಲೆ ಹುರಿದು ಆಲೂಗಡ್ಡೆ, ಮೀನು ಸೇರಿಸಿ ನೀರಿನಂಶ ಆರುವವರೆಗೆ ಬಾಡಿಸಿ. ಖಾರ ಬೇಕಾದವರು ಚಟ್ನಿ ಹಚ್ಚಿಕೊಳ್ಳಲಿ, ಆಗ ಒಂದೇ ಹೂರಣ ಮನೆಮಂದಿಗೆಲ್ಲ ಸಾಕು.

ಹೂರಣ ಪೂರ್ತಿ ತಣ್ಣಗಾದ ಮೇಲೆಯೇ ಶೀಟ್‌ಗೆ ತುಂಬಿ. ಪಫ್ ಹಿಟ್ಟಿನಲ್ಲಿ ಕೊಬ್ಬಿನ ತೆಳು ಪದರಗಳಿರುತ್ತವೆ. ಓವನ್ ಬಿಸಿಗೆ ನೀರಿನಂಶ ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಬಿಸಿ ಹೂರಣ ತಾಗಿ ಕೊಬ್ಬು ಮೊದಲೇ ಕರಗಿದರೆ ಪಫ್ ಉಬ್ಬುವುದಿಲ್ಲ. ಹೂರಣದ ಕೆಳಗೆ ಬಟಾಸಾ ಪುಡಿ ಉದುರಿಸಿದರೆ ತಳ ಒದ್ದೆಯಾಗದು. ಅಂಚು ಒತ್ತಿ, ಮೇಲೆ ಸಣ್ಣ ಗೀರು ಹಾಕಿ, ಮೊಟ್ಟೆ ಅಥವಾ ಹಾಲು ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಬೇಯಿಸಿ.

ಉಳಿಯದಂತೆ ಮಾಡುವುದು ಹೇಗೆ?

ಊಟಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬೇಯಿಸಿ. ಉಳಿದ ಹೂರಣವನ್ನು ಬೇರೆ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಮರುದಿನ ಬಟಾಸಾ ಪುಡಿಯಲ್ಲಿ ಹೊರಳಿಸಿ ಕಟ್ಲೆಟ್ ಮಾಡಬಹುದು, ಪರೋಟಾದೊಳಗೂ ತುಂಬಬಹುದು. ಶೀಟಿನ ತುಂಡುಗಳಿಗೆ ಜೀರಿಗೆ ಉದುರಿಸಿ ಬೇಯಿಸಿದರೆ ಚಹಾ ಜೊತೆಗೆ ಖಾರಿ ಸಿದ್ಧ. ಒಮ್ಮೆ ಕರಗಿದ ಶೀಟನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಈ ತಪ್ಪು ಮಾಡಬೇಡಿ

* ಬೆಂದ ಪಫ್ ಆಗಲಿ, ಹೂರಣವಾಗಲಿ 2 ಗಂಟೆಯೊಳಗೆ ಫ್ರಿಜ್ ಸೇರಬೇಕು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೊಳಗೆ. ಬೇಸಿಗೆಯಲ್ಲಿ ಸೂರತ್ ಇರಲಿ, ಮಂಗಳೂರಿರಲಿ, ಈ ಎರಡನೇ ನಿಯಮವೇ ಅನ್ವಯ.
* ಮರುದಿನವೇ ತಿಂದು ಮುಗಿಸಿ. ಒಮ್ಮೆ ಮಾತ್ರ ಬಿಸಿ ಮಾಡಿ, ಒಳಭಾಗ ಹಬೆಯಾಡುವಷ್ಟು. ಓವನ್‌ನಲ್ಲಿ ಗರಿಗರಿ ಉಳಿಯುತ್ತದೆ, ಮೈಕ್ರೊವೇವ್‌ನಲ್ಲಿ ಮೆತ್ತಗಾಗುತ್ತದೆ.
* ವಾಸನೆ ನೋಡಿ ನಿರ್ಧರಿಸಬೇಡಿ. ರಾವಸ್ ಬದಲು ಬಂಗುಡೆ ಅಥವಾ ಟ್ಯೂನಾ ಬಳಸುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಇವು ಬೆಚ್ಚಗೆ ಉಳಿದರೆ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ, ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಇದರ ಲಕ್ಷಣ.

ರಾತ್ರಿಯಿಡೀ ಹೊರಗೆ ಉಳಿದಿದ್ದರೆ ಬೆಲೆ ನೆನೆದು ತಿನ್ನಬೇಡಿ, ಎಸೆದುಬಿಡಿ.