ಉಂಡ ಕೂಡಲೇ ಓಡಬಹುದೇ?

ಬಿಸಿಯೂಟ ಮುಗಿದ ತಕ್ಷಣ ನಮ್ಮ ತರಗತಿಯವರು ಕಬಡ್ಡಿಗೆ ಇಳಿಯುತ್ತಾರೆ. ಅರ್ಧ ಆಟಕ್ಕೇ ಒಬ್ಬಿಬ್ಬರು ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಾರೆ. ದೃಷ್ಟಿ ತಾಗಿದೆ ಅಂತಾರೆ, ಅದೆಲ್ಲ ಸುಳ್ಳು. ಉಂಡದ್ದು ಜೀರ್ಣವಾಗಲು ಹೊಟ್ಟೆಗೆ, ಕರುಳಿಗೆ ಹೆಚ್ಚು ರಕ್ತ ಬೇಕು. ಓಡುವಾಗ ಕಾಲಿನ ಸ್ನಾಯುಗಳಿಗೂ ಹೆಚ್ಚು ರಕ್ತ ಬೇಕು. ಒಂದೇ ಕಾಲುವೆ ನೀರಿಗೆ ಎರಡು ಗದ್ದೆಯವರು ಕಾದ ಹಾಗೆ! ಜೋರಾಗಿ ಓಡಿದರೆ ರಕ್ತ ಕಾಲಿನ ಕಡೆಗೇ ಹೆಚ್ಚು ಹೋಗುತ್ತದೆ. ಹೊಟ್ಟೆ ಕೆಲಸ ನಿಧಾನವಾಗಿ, ಅನ್ನ ಸಾರು ಒಳಗೇ ಕುಲುಕಾಡಿ ವಾಂತಿ ಬಂದಂಗಾಗುತ್ತದೆ.

ಹೊಟ್ಟೆ ತುಂಬ ಉಂಡರೆ 2-3 ಗಂಟೆ ಬಿಟ್ಟು ಆಡಬೇಕು. ಬೋಂಡ, ಪೂರಿಯಂಥ ಎಣ್ಣೆ ತಿಂಡಿ ಇನ್ನೂ ತಡವಾಗಿ ಕರಗುತ್ತದೆ. ಒಂದು ಬಾಳೆಹಣ್ಣಾದರೆ ಒಂದು ಗಂಟೆ ಸಾಕು. ಹಾಗಂತ ಖಾಲಿ ಹೊಟ್ಟೆಯಲ್ಲಿ ಓಡುವುದೂ ಸರಿಯಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದವರು ಪ್ರಾರ್ಥನೆಯಲ್ಲೇ ತಲೆ ಸುತ್ತಿ ಬೀಳ್ತಾರೆ, ನೀವೂ ನೋಡಿದ್ದೀರಿ. ಅಂಥವರನ್ನು ಓಟಕ್ಕೆ ನಿಲ್ಲಿಸಬಾರದು ಅಂತ ನನಗನಿಸುತ್ತೆ. ಆಟ ಮುಗಿದ ಮೇಲೆ ನೀರು ಕುಡಿದು, ಮನೆಗೆ ಹೋಗಿ ಮುದ್ದೆಯನ್ನೋ ಅನ್ನವನ್ನೋ ಹೊಟ್ಟೆ ತುಂಬ ಉಣ್ಣಬಹುದು.

ಗುರುಗಳೇ, ಈಗ ಖೋಖೋ ಅಭ್ಯಾಸ ಊಟದ ಬೆನ್ನಿಗೇ ಇದೆ. ತಾಲ್ಲೂಕು ಪಂದ್ಯ ಮುಗಿಯುವ ತನಕ ಅದನ್ನು ಕೊನೇ ಪೀರಿಯಡ್ಡಿಗೆ ಹಾಕಿ. ಆ ಪೀರಿಯಡ್ಡಿನ ಗಣಿತವನ್ನು ನಾವು ಊಟವಾದ ಮೇಲೆ ಕಲೀತೀವಿ, ನಿದ್ದೆ ಮಾಡಲ್ಲ.