ಉಸ್ತಾದರು ಉಳಿದುಕೊಂಡ ಮನೆಗಳು

ಹಿಂದುಸ್ತಾನಿ ಸಂಗೀತ ಉತ್ತರ ಕರ್ನಾಟಕದಲ್ಲಿ ಇಷ್ಟು ಗಟ್ಟಿಯಾಗಿ ನೆಲೆಯೂರಿದ್ದು ಹೇಗೆ ಎಂದು ಕೇಳಿದರೆ ಸಿದ್ಧ ಉತ್ತರಗಳು ಎರಡು. ಒಂದು ಧಾರವಾಡದ ಹವೆ-ನೀರು, ಇನ್ನೊಂದು ಮೈಸೂರಿನ ಅರಮನೆ. ಹವೆ-ನೀರಿನ ಮಾತು ಅಭಿಮಾನದ್ದು, ಅದನ್ನು ಬಿಡೋಣ. ಅರಮನೆಯದು ಅರ್ಧ ನಿಜ. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಮೈಸೂರಿನ ದರ್ಬಾರಿಗೆ ಹೋಗಿಬರುತ್ತಿದ್ದರು. ಅಲ್ಲಿ ಮನ್ನಣೆಯೂ ಸಂಭಾವನೆಯೂ ದೊರೆತವು. ಆದರೆ ಅವರ ಕಿರಾನಾ ಘರಾಣೆಯ ಗಾಯಕಿ, ಎಂದರೆ ಹಾಡುವ ರೀತಿ, ನಮ್ಮ ಸೀಮೆಗೆ ದಕ್ಕಿದ್ದು ಆ ದಾರಿಯ ನಡುವೆ ಅವರು ಇಳಿದುಕೊಂಡ ಊರುಗಳಲ್ಲಿ, ಅವರಿಗೆ ಕೋಣೆ ಬಿಟ್ಟುಕೊಟ್ಟು ಊಟಕ್ಕಿಟ್ಟ ಮನೆಗಳಲ್ಲಿ. ಸಂಗೀತದ ಚರಿತ್ರೆಯಲ್ಲಿ ಗುರುವಿನ ಹೆಸರಿದೆ, ಶಿಷ್ಯನ ಹೆಸರಿದೆ, ಬಿರುದು ಕೊಟ್ಟ ರಾಜನ ಹೆಸರೂ ಇದೆ. ಕಲಾವಿದನನ್ನು ಮನೆಯೊಳಗೆ ಕರೆದುಕೊಂಡವರು ಅಡಿಟಿಪ್ಪಣಿಗೆ ಸರಿದಿದ್ದಾರೆ. ಅವರದೂ ಒಂದು ಸಮಾಜಸೇವೆ, ಕಲೆಯ ಲೆಕ್ಕದಲ್ಲಿ ಅದಕ್ಕೂ ಪಾಲಿದೆ ಎಂಬುದೇ ಇಲ್ಲಿನ ವಾದ.

ಧಾರವಾಡ ಜಿಲ್ಲೆಯ ಕುಂದಗೋಳದ ನಾಡಗೀರ ವಾಡೆ ಇದಕ್ಕೆ ಒಳ್ಳೆಯ ಸಾಕ್ಷಿ. ಖಾನ್ ಸಾಹೇಬರು ಇಲ್ಲಿಗೆ ಬಂದು ಉಳಿಯುತ್ತಿದ್ದರು. 1886ರಲ್ಲಿ ಹುಟ್ಟಿದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಇದೇ ಮನೆತನದಲ್ಲಿ ಕೆಲಸಕ್ಕಿದ್ದವರ ಮಗ. ಉಸ್ತಾದರ ಶಿಷ್ಯತ್ವಕ್ಕೆ ಅವರಿಗೆ ದಾರಿಯಾದದ್ದು ಈ ಒಡನಾಟ. ಇಲ್ಲಿ ವಾಸ್ತವ್ಯಕ್ಕೆ ಏಕೆ ಇಷ್ಟು ಬೆಲೆ ಎಂಬುದನ್ನು ಗಾಯಕಿಯ ಗುಣದಿಂದಲೇ ತಿಳಿಯಬೇಕು. ಕಿರಾನಾದಲ್ಲಿ ರಾಗ ಬೆಳೆಯುವುದು ಒಂದೊಂದೇ ಸ್ವರದ ಬಢತ್‌ನಿಂದ. ಷಡ್ಜದಿಂದ ರಿಷಭಕ್ಕೆ ಹೋಗಲು ಅವಸರವಿಲ್ಲ. ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿಂದ ಮೀಂಡ್ ಎಳೆಯಬೇಕು ಎಂಬುದು ಬರವಣಿಗೆಗೆ ಬಗ್ಗುವುದಿಲ್ಲ. ನಸುಕಿನಲ್ಲಿ ಗುರು ಮಂದ್ರದಲ್ಲಿ ಖರ್ಜ್ ಹಚ್ಚುವುದನ್ನು ಕೇಳಬೇಕು, ತಂಬೂರಿ ಕೂಡಿಸುವುದನ್ನು ನೋಡಬೇಕು, ತಪ್ಪಿದಾಗ ಬೈಸಿಕೊಳ್ಳಬೇಕು. ಇವೆಲ್ಲ ಗಂಟೆಗಿಷ್ಟು ಎಂದು ಅಳೆದು ಕೊಡುವ ಪಾಠದಲ್ಲಿ ಬರುವಂಥವಲ್ಲ. ಅದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತವರು ಭೀಮಸೇನ ಜೋಶಿ. 1952ರಲ್ಲಿ ಗುರು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತೋತ್ಸವ ಸೇರಿದ್ದೂ ಆ ವಾಡೆಯಲ್ಲೇ.

ವಾಡೆ ಎಂದರೆ ಶ್ರೀಮಂತರ ಮನೆ. ಆಶ್ರಯಕ್ಕೆ ಬಳಕೆಯಾದದ್ದು ರೈತರು ದುಡಿದ ಹಣ. ಇದು ಹಳೆಯ ಜಮೀನ್ದಾರಿಗೆ ಹೊಸ ಸುಣ್ಣ ಬಳಿದಂತಲ್ಲವೇ ಎಂಬ ಆಕ್ಷೇಪ ಬರುತ್ತದೆ. ಬರಲೇಬೇಕು. ಆತಿಥ್ಯ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದಕ್ಕೆ ಗಂಗೂಬಾಯಿ ಹಾನಗಲ್ (1913–2009) ಅವರ ಬದುಕೇ ಪುರಾವೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಹಾಡಿದ ಆ ಬಾಲಕಿಗೆ ಇದ್ದ ಅಂಜಿಕೆ ಹಾಡಿನದಲ್ಲ, ಊಟದ ಪಂಕ್ತಿಯದು: ಜಾತಿಯ ಕಾರಣಕ್ಕೆ ಬೇರೆ ಕೂರಿಸಿಯಾರೇ ಎಂದು. ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯುವಾಗಲೂ ಆಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ಮತ್ತೆ ರೈಲಿಗೇ ಹೋಗಬೇಕಿತ್ತು. ಹೊತ್ತಾದರೆ ನಿಲ್ದಾಣದವರೆಗೆ ಜೊತೆಗೆ ಹೋಗುತ್ತಿದ್ದವರು ಭೀಮಸೇನರು. ಹುಡುಗನಿಗೆ ಗುರುವಿನ ಮನೆ ಸಿಕ್ಕಿತು, ಹೆಣ್ಣುಮಗಳಿಗೆ ರೈಲಿನ ಟಿಕೇಟು.

ಹಾಗೆಂದು ಆತಿಥ್ಯವೆಲ್ಲ ಸಿರಿವಂತರ ಸ್ವತ್ತೆಂದು ಬರೆದುಬಿಟ್ಟರೆ ಇನ್ನೊಂದು ಅನ್ಯಾಯವಾಗುತ್ತದೆ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರು ಜಮೀನ್ದಾರರಲ್ಲ, ಸಮಾಜ ದೂರವಿಟ್ಟ ಗಾಯಕಿಯರ ಸಮುದಾಯದವರು. ಧಾರವಾಡದ ಶುಕ್ರವಾರಪೇಟೆಯ ಅವರ ಮನೆಗೆ ಸ್ವತಃ ಅಬ್ದುಲ್ ಕರೀಂ ಖಾನರು ಬಂದು ಅವರ ಹಾಡು ಕೇಳುತ್ತಿದ್ದರು. ಆ ಬೈಠಕ್ಕುಗಳಲ್ಲಿ ಬಾಲಕಿಯ ಕಿವಿ ತಯಾರಾಯಿತು. ಮಗಳ ಹಿಂದುಸ್ತಾನಿಗೆ ಅಡ್ಡಿಯಾಗಬಾರದೆಂದು ತಾಯಿ ತನ್ನ ಹಾಡುಗಾರಿಕೆಯನ್ನೇ ಕೈಬಿಟ್ಟರು. ಕಲಾವಿದರನ್ನು ಬರಮಾಡಿಕೊಂಡ ಮನೆಯೊಡತಿ ತಾನೂ ಕಲಾವಿದೆಯಾಗಿದ್ದಳು ಎಂಬುದನ್ನು ನಾವು ಎಷ್ಟು ಸಲ ನೆನೆದಿದ್ದೇವೆ?

ಇನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆಗೆ ಬಂದರೆ, ವಾಡೆಯ ನೆರವೇ ಬೇಡದ ಒಂದು ಪದ್ಧತಿ ನಮ್ಮ ಬಯಲಾಟದಲ್ಲೇ ಇತ್ತು. ಆಟ ಕಟ್ಟಬೇಕೆಂದರೆ ಊರವರು ಆಟ ಕಲಿಸುವ ಮಾಸ್ತರರನ್ನು ಕರೆತರುತ್ತಿದ್ದರು. ಪೇಟಿ ಹಿಡಿದು ಬಂದವರು ತಾಲೀಮು ಮುಗಿಯುವತನಕ ಊರಲ್ಲೇ ಇರಬೇಕಿತ್ತು. ಯಾರದೋ ಪಡಸಾಲೆಯಲ್ಲಿ ಮಲಗಲು ಜಾಗ, ಊಟ ಸರದಿಯ ಮೇಲೆ: ಇಂದು ಈ ಮನೆಯ ರೊಟ್ಟಿ-ಪುಂಡಿಪಲ್ಲೆ, ನಾಳೆ ಆ ಮನೆಯದು. ರಾತ್ರಿ ಉಂಡ ಮೇಲೆ ಕಂದೀಲಿನ ಬೆಳಕಿನಲ್ಲಿ ಮಾತು, ಹಾಡು, ಕುಣಿತ. ಒಬ್ಬ ಗೌಡ ಹೊರುವ ಭಾರವನ್ನು ಊರೇ ಹಂಚಿಕೊಂಡಿತು. ರೊಟ್ಟಿ ಬಡಿದವರ ಹೆಸರು ಮಾತ್ರ ಇಲ್ಲಿಯೂ ಕರಪತ್ರದಲ್ಲಿ ಬರಲಿಲ್ಲ.

ಈಗ ಅಕಾಡೆಮಿಗಳಿವೆ, ಕಲಾವಿದರ ಮಾಸಾಶನವಿದೆ, ರಾಯಚೂರಿನಲ್ಲಿ ಗಾಯಕ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವೇ ಇದೆ, ಮನೆಗಳ ಹಂಗೇಕೆ ಎನ್ನಬಹುದು. ಯಾರ ಕೃಪೆಯೂ ಬೇಡದ ಮಾಸಾಶನ ದೊಡ್ಡದೇ. ಅದನ್ನು ಹಳಿಯುವುದು ತರವಲ್ಲ. ಆದರೆ ರಂಗಮಂದಿರ ಕೊಡುವುದು ಒಂದು ಸಂಜೆ, ಕಲಿಕೆ ಬೇಡುವುದು ತಿಂಗಳುಗಟ್ಟಲೆ ಸಹವಾಸ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು, ಮನೆಗಳೂ ದೊಡ್ಡವಾದವು. ಆದರೆ ಒಂದು ಬೆಳೆಯ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಉಳಿಯುತ್ತಿದ್ದ ಬಿಡುವನ್ನು, ತಾಲೀಮಿನ ಆ ದಿನಗಳನ್ನು, ಎರಡನೆಯ ಬೆಳೆ ತಿಂದುಹಾಕಿತು. ಆದ್ದರಿಂದ ಆತಿಥ್ಯವನ್ನು ಬರಿಯ ಒಳ್ಳೆಯತನಕ್ಕೆ ಬಿಟ್ಟರೆ ಸಾಲದು. ಪೆಂಡಾಲಿಗೆ, ಮೈಕಿಗೆ, ಹಾರ-ತುರಾಯಿಗೆ ದುಡ್ಡು ತೆಗೆದಿಡುವ ಸಂಘಗಳು ಮಾಸ್ತರರ ಮೂರು ತಿಂಗಳ ವಾಸ್ತವ್ಯಕ್ಕೂ ತೆಗೆದಿಡಬಹುದು. ಅಡುಗೆಯ ಖರ್ಚನ್ನು ಆ ಮನೆಯ ಹೆಂಗಸರ ಕೈಗೇ ಕೊಟ್ಟು, ಹುಡುಗಿಯರಿಗೂ ರಾತ್ರಿ ತಂಗಲು ಜಾಗ ಮಾಡಬಹುದು.